ಐದು ಊರಿನ ಕಂಪ್ಯೂಟರಿಗೆ ಕನ್ನಡ ಹಾಕಿದ್ದು

ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು. ಅದು ಸರಿಯಾಗಿ ನಡೆದಾಗ ಆಗುವ ತೊಂದರೆಗಳಿಗೆ ರಿಪೇರಿ ಇಲ್ಲ. ನನ್ನ ಕೆಲಸದಲ್ಲಿ ಈ ಎರಡನೆಯ ಜಾತಿಯವೇ ಹೆಚ್ಚು.

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಮಾರುವ ಒಂದು ಸಣ್ಣ ಅಂಗಡಿ ಸೇರಿದ್ದೆ. ಕಂಪ್ಯೂಟರ್ ಎಂದರೆ ಆಗ ಕರಿ ಪರದೆ, ಹಸಿರು ಅಕ್ಷರ, ಎಲ್ಲವೂ ಇಂಗ್ಲಿಷ್. ಪೆಟ್ಟಿಗೆ ಬಿಚ್ಚಿ ಒಳಗೊಂದು ಕಾರ್ಡ್ ಕೂರಿಸಿದರೆ ಪರದೆಯ ಮೇಲೆ ಕನ್ನಡ ಬರುತ್ತದೆ ಎಂದು ತಿಳಿದು ನಮ್ಮ ಮಾಲೀಕರು ಐದು ಕಾರ್ಡ್ ತರಿಸಿದರು.

"ತಮ್ಮಾ, ನಾವು ಮಷೀನ್ ಮಾರಿದ್ದು ಐದು ಊರಾಗ. ಐದೂ ಕಡಿ ಕನ್ನಡ ಹಾಕಿ ಬಾ. ನಿಂತ್ರ ನಿನ್ನ ಕೆಲಸ ಕಾಯಂ. ಒಂದು ಕಡಿ ಇಂಗ್ಲಿಷಿಗೆ ವಾಪಸ್ ಹೋದ್ರೂ ನೀನೂ ನಿಮ್ಮೂರಿಗೆ ವಾಪಸ್."

ಊರಲ್ಲಿ, ಕೆಲಸ ಕಾಯಂ ಆಗುವ ತನಕ ನನಗೆ ಹೆಣ್ಣು ನೋಡುವುದಿಲ್ಲ ಎಂದು ತೀರ್ಮಾನವಾಗಿತ್ತು. ನಾನು ಕಾರ್ಡು, ಸ್ಕ್ರೂ ಡ್ರೈವರ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಹಗರಿಬೊಮ್ಮನಹಳ್ಳಿ

ಶೇಂಗಾ ಎಣ್ಣೆ ಮಿಲ್ಲು. ಕಂಪ್ಯೂಟರ್ ನಡೆಸುತ್ತಿದ್ದವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡ ಬಂದರೆ ಮೊದಲು ಖುಷಿಪಡುವವನು ಇವನೇ ಎಂದುಕೊಂಡಿದ್ದೆ. ಕನ್ನಡ ಬಂದ ಮೇಲೆ ಅವನು ಪರದೆಯ ಮುಂದೆ ಕೈಕಟ್ಟಿ ಕುಳಿತ.

"ಯಾಕಪ್ಪ?"

"ಕೆಲಸ ನಡಿಯವಲ್ದು ಸಾರ್."

"ಎಲ್ಲಾ ಕನ್ನಡದಾಗ ಐತಲ್ಲ."

"ಅದಕ್ಕ ರಿ. ಮೊದಲು ಮ್ಯಾಲಿನ ಸಾಲು ಗಿಡ್ಡಂದು ಬಂದ್ರ ಈ ಬಟನ್, ಉದ್ದಂದು ಬಂದ್ರ ಆ ಬಟನ್. ಕೆಳಗ ಮಿಣಿ ಮಿಣಿ ಅಂದ್ರ ಎದ್ದು ಹೋಗಿ ಚಾ ಕುಡಿಯೋದು. ಎಲ್ಲಾ ತಿಳೀತಿತ್ತು. ಈಗ ಓದಬೇಕಾಗ್ತೈತಲ್ರಿ."

ಎರಡು ದಿನ ಕುಳಿತು, ಕನ್ನಡದ ಸಾಲುಗಳನ್ನು ಹಳೆಯ ಇಂಗ್ಲಿಷ್ ಸಾಲುಗಳಷ್ಟೇ ಉದ್ದಕ್ಕೆ ಹೊಂದಿಸಿದೆ. ಈಗ ಅವನು ಕನ್ನಡವನ್ನೂ ಓದದೆ ನಡೆಸುತ್ತಾನೆ.

ಕೊಟ್ಟೂರು

ಕಾಳಿನ ದಲಾಲಿ ಅಂಗಡಿ. ಕನ್ನಡ ಬಂದ ದಿನ ಸಾವ್ಕಾರರು ತಾವೇ ಕುಳಿತು ಏನೋ ಒತ್ತಿದರು. "ನೀವು ತಪ್ಪು ಮಾಡಿದ್ದೀರಿ" ಎಂದು ಪರದೆಯ ಮೇಲೆ ಬಂತು. ಹಿಂದೆ ನಿಂತಿದ್ದ ಹಮಾಲರು ಅದನ್ನು ಜೋರಾಗಿ ಓದಿದರು.

"ನನ್ನ ಗಾದಿ ಮ್ಯಾಲೆ ಕುಂತು ನನಗ ತಪ್ಪು ಅಂತೈತಿ" ಎಂದರು ಸಾವ್ಕಾರರು.

"ಇಂಗ್ಲಿಷಿನಾಗೂ ಅದನ್ನ ಅಂತಿತ್ರಿ."

"ಅಂತಿತ್ತು. ಅದು ನಮ್ಮಿಬ್ಬರೊಳಗ ಇತ್ತು."

ಮಾತು ಬದಲಾಯಿಸಿ, "ಸಾವ್ಕಾರರೇ, ಇನ್ನೊಮ್ಮೆ ನೋಡೋಣವೇ?" ಎಂದು ಹಾಕಿದೆ. ಅವರಿಗೆ ಸಮಾಧಾನವಾಯಿತು. ಮುಂದಿನ ವಾರ ಮತ್ತೆ ಕರೆ ಬಂತು. ಗುಮಾಸ್ತ ತಪ್ಪು ಮಾಡಿದಾಗಲೂ ಯಂತ್ರ ಅವನನ್ನು ಸಾವ್ಕಾರರೇ ಎನ್ನುತ್ತಿತ್ತು.

"ಅವ ನನಗಿಂತ ಜಾಸ್ತಿ ತಪ್ಪು ಮಾಡ್ತಾನ. ಹಂಗಾಗಿ ದಿನಾ ನನಗಿಂತ ಜಾಸ್ತಿ ಸಲ ಸಾವ್ಕಾರ ಆಗ್ಯಾನ."

ಶುರುವಿನಲ್ಲೇ, ಕುಳಿತಿರುವವರು ಸಾವ್ಕಾರರೋ ಗುಮಾಸ್ತರೋ ಎಂದು ಯಂತ್ರವೇ ಕೇಳುವಂತೆ ಮಾಡಿ ಬಂದೆ. ಆ ಅಂಗಡಿಯಲ್ಲಿ ಇಂದಿಗೂ ಯಾರೂ ಗುಮಾಸ್ತ ಎಂದು ಒತ್ತಿಲ್ಲವಂತೆ.

ಹಡಗಲಿ

ಗೊಬ್ಬರದ ಅಂಗಡಿ. ತನಗೆ ಆಗದವರು ಗೊಬ್ಬರ ಕೇಳಲು ಬಂದರೆ ಮ್ಯಾನೇಜರ್ ಪರದೆಯನ್ನು ಅವರ ಕಡೆ ತಿರುಗಿಸಿ, "ನಾ ಏನ್ ಮಾಡ್ಲಿ, ಇಲ್ಲ ಅಂತೈತಿ ನೋಡ್ರಿ" ಎನ್ನುತ್ತಿದ್ದ. ಅವರು ಹಸಿರು ಅಕ್ಷರ ನೋಡಿ ಹೋಗುತ್ತಿದ್ದರು.

ಕನ್ನಡ ಹಾಕಿದ ಮರುದಿನ ಅಭ್ಯಾಸದಂತೆ ತಿರುಗಿಸಿದ. ಎದುರಿಗಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು.

"ಗೋದಾಮಿನಲ್ಲಿ ಸಾಕಷ್ಟು ದಾಸ್ತಾನು ಇದೆ ಅಂತ ಬರದೈತಲ್ಲೋ."

ನಾನು ಮುಂದಿನ ಸಲ ಹೋದಾಗ ಮೇಜನ್ನು ಗೋಡೆಯ ಕಡೆ ತಿರುಗಿಸಲಾಗಿತ್ತು. ಮ್ಯಾನೇಜರ್ ಗೋಡೆಗೂ ಮೇಜಿಗೂ ನಡುವೆ ಹೇಗೋ ತೂರಿಕೊಂಡು ಕುಳಿತಿದ್ದ.

"ನಿಮ್ಮ ಕನ್ನಡ ಭಾಳ ಬೆಳಕು ಸಾರ್. ಗಿರಾಕಿಗಳ ಕಣ್ಣಿಗೆ ಹೊಡೀತೈತಿ" ಎಂದ.

ಹಡಗಲಿಯಲ್ಲೂ ಕನ್ನಡ ನಿಂತಿತು, ಗೋಡೆಗೆ ಮುಖ ಮಾಡಿ.

ಹರಪನಹಳ್ಳಿ

ಮೆಕ್ಕೆಜೋಳದ ಗೋದಾಮು. ಗುಮಾಸ್ತ ಉಚ್ಚಂಗಿದುರ್ಗದ ಕಡೆಯವನು. ಕಂಪ್ಯೂಟರ್ ತೆರೆಯಲು ಒಂದು ಗುಟ್ಟಿನ ಪದ ಬೇಕು, ಇನ್ನು ಅದನ್ನು ಕನ್ನಡದಲ್ಲೇ ಇಡಬಹುದು ಎಂದೆ. ಅವನು ಅಲ್ಲಿನ ದೇವಿ ಉಚ್ಚೆಂಗೆಮ್ಮನ ಹೆಸರು ಇಟ್ಟ. ಆದರೆ ಅಮ್ಮನ ಹೆಸರನ್ನು ಬಾಯಲ್ಲಿ ಹೇಳದೆ ಕೈಯಲ್ಲಿ ಬರೆಯಬಾರದಂತೆ. ದಿನಾ ಬೆಳಿಗ್ಗೆ ಕೈಮುಗಿದು, ಗಟ್ಟಿಯಾಗಿ ಹೇಳಿ, ಆಮೇಲೆ ಒತ್ತುತ್ತಿದ್ದ. ಜೋಳದ ಚೀಲ ಇಳಿಸಿ ಸಾಲಿನಲ್ಲಿ ನಿಂತವರೆಲ್ಲ "ಉಧೋ ಉಧೋ" ಎನ್ನುತ್ತಿದ್ದರು.

"ಗುಟ್ಟು ಊರಿಗೆಲ್ಲಾ ಗೊತ್ತಾಗೈತಿ. ದೇವರ ಹೆಸರು ಬಿಟ್ಟು ಬ್ಯಾರೆ ಇಡಪ್ಪ" ಎಂದೆ.

"ದೇವ್ರನ್ನ ಬಿಟ್ಟು ಬೀಗ ಹಾಕಿದ್ರೆ ಕಾಯೋರು ಯಾರು ಸಾರ್?"

ಕೂಡ್ಲಿಗಿ

ಉಳಿದದ್ದು ಒಂದು ಬೀಜದ ಅಂಗಡಿ. ಅದರ ಯಜಮಾನರು ಕನ್ನಡ ಬರುವುದಕ್ಕೆ ಸಮಾರಂಭವನ್ನೇ ಮಾಡಿದರು. ಶಾಮಿಯಾನ, ಮೈಕ್ ಸೆಟ್, ಗಣ್ಯರು. ನಮ್ಮ ಮಾಲೀಕರೂ ಬಂದು ಮುಂದಿನ ಸಾಲಿನಲ್ಲಿ ಕುಳಿತರು.

ವೇದಿಕೆಯ ಮೇಲೆ ಕಂಪ್ಯೂಟರ್ ಇಟ್ಟಿದ್ದೆ. ಅದರಲ್ಲೊಂದು ಬಟನ್. ಒಮ್ಮೆ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಮತ್ತೆ ಇಂಗ್ಲಿಷ್. ಅಧ್ಯಕ್ಷರು ಒಬ್ಬರೇ ಒತ್ತಬೇಕು ಎಂದು ಮಾತಾಗಿತ್ತು. ಆದರೆ ದೀಪ ಹಚ್ಚುವಾಗ ಒಬ್ಬೊಬ್ಬರು ಒಂದೊಂದು ಬತ್ತಿ ಹಚ್ಚುವುದು ಪದ್ಧತಿ. ಯಜಮಾನರು ಮೈಕ್ ಹಿಡಿದರು.

"ಗಾಳಿ ಭಾಳ ಐತಿ, ಇವತ್ತು ಕಂಪ್ಯೂಟರೇ ದೀಪ. ಎಲ್ಲಾ ಗಣ್ಯರೂ ಒಬ್ಬೊಬ್ಬರಾಗಿ ಬಂದು ಒತ್ತಬೇಕು."

ನಾನು ತಲೆ ಎಣಿಸಿದೆ. ಓಡಿಹೋಗಿ ಮಾಲೀಕರ ಕಿವಿಯಲ್ಲಿ ಹೇಳಿದೆ.

"ಸಾರ್, ಗಣ್ಯರು ಸಮಸಂಖ್ಯೆ ಅದಾರ. ಕಡೀಕ ಇಂಗ್ಲಿಷ್ ಬರ್ತೈತಿ."

"ಒಬ್ಬರನ್ನ ಕೆಳಗಿಳಿಸು."

"ಯಾರನ್ರಿ?"

ಅವರು ವೇದಿಕೆಯನ್ನು ನೋಡಿದರು. ಪ್ರತಿಯೊಬ್ಬರಿಗೂ ಹಾರ ಬಿದ್ದಿತ್ತು. ತಾವೇ ಮೇಲೆ ಹತ್ತಿ ಸಾಲಿನ ಕೊನೆಗೆ ನಿಂತರು; ಅವರಿಗೂ ಒಂದು ಹಾರ ಬಿತ್ತು.

ಗಣ್ಯರು ಒತ್ತುತ್ತ ಬಂದರು. ಕನ್ನಡ, ಚಪ್ಪಾಳೆ. ಇಂಗ್ಲಿಷ್, ಚಪ್ಪಾಳೆ. ಕೊನೆಗೆ ಮಾಲೀಕರು ಒತ್ತಿದರು. ಕನ್ನಡ ಬಂತು. ನಾನು ಉಸಿರು ಬಿಟ್ಟೆ.

ಆಗ ಜೀಪೊಂದು ಬಂತು. ಯಾವಾಗಲೂ ತಡವಾಗಿ ಬರುವ, ಬಂದರೆ ಯಾರೂ ಬೇಡ ಎನ್ನಲಾಗದ ಒಬ್ಬ ದೊಡ್ಡವರು ಇಳಿದು ನೇರವಾಗಿ ವೇದಿಕೆಗೆ ಬಂದು ಒತ್ತಿದರು. ಇಂಗ್ಲಿಷ್ ಬಂತು. ಅದಕ್ಕೆ ಬೆನ್ನು ಮಾಡಿ ನಿಂತು, "ಕೂಡ್ಲಿಗಿಗೆ ಇವತ್ತು ಕನ್ನಡ ಬಂತು" ಎಂದು ಮೈಕಿನಲ್ಲಿ ಭಾಷಣ ಶುರುಮಾಡಿದರು.

ನಾನು ಬಟನ್ನಿಗೆ ಕೈ ಹಾಕಿದೆ. ಯಜಮಾನರು ಕೈ ಹಿಡಿದರು.

"ದೊಡ್ಡವರು ಒತ್ತಿದ್ದನ್ನ ಕೆಲಸದವ ತಗದ್ರ ಹೆಂಗಪ್ಪ? ಮನಸಿಗೆ ಹಚ್ಚಿಕೊಂತಾರ."

ಮಾಲೀಕರು ನನ್ನ ಕಡೆ ನೋಡಿದರು. "ಈಗೇನು?"

"ಇನ್ನೊಬ್ಬ ಗಣ್ಯರು ಬೇಕ್ರಿ."

ಊರಿನ ಗಣ್ಯರೆಲ್ಲ ಖರ್ಚಾಗಿದ್ದರು. ಭಾಷಣ ಮುಗಿದೊಡನೆ ಮಾಲೀಕರು ಮೈಕ್ ತೆಗೆದುಕೊಂಡು, ಕೆಳಗೆ ವೈರ್ ಸುತ್ತುತ್ತಿದ್ದ ಮೈಕ್ ಸೆಟ್ಟಿನವನನ್ನು ಧ್ವನಿವರ್ಧಕ ತಜ್ಞರು ಎಂದು ವೇದಿಕೆಗೆ ಕರೆದರು. ತಮ್ಮ ಕೊರಳಿನ ಹಾರ ತೆಗೆದು ಅವನಿಗೆ ಹಾಕಿದರು. ಅವನು ಒತ್ತಿದ. ಕನ್ನಡ ಬಂತು.

"ಫೋಟೋದವ ತಯಾರಿದ್ದಿಲ್ಲಂತ ರಿ. ಇನ್ನೊಮ್ಮೆ ಒತ್ತಲೇನ್ರಿ?" ಎಂದ.

ನಾನೂ ಮಾಲೀಕರೂ ಒಟ್ಟಿಗೆ ಅವನ ಕೈ ಹಿಡಿದೆವು.

ವಾಪಸು ಬರುವಾಗ ಮಾಲೀಕರು ಬೆರಳು ಮಡಚಿ ಊರುಗಳನ್ನು ಎಣಿಸಿದರು. ಆಮೇಲೆ ಹೇಳಿದರು.

"ಐದೂ ಕಡಿ ನಿಂತೈತಿ. ನೀ ಕಾಯಂ. ನಾಳಿಂದ ಮೊದಲ ಕೆಲಸ, ಇನ್ನೊಂದು ಬಟನ್ ಮಾಡು. ಚಂದ ಇರಬೇಕು, ದೊಡ್ಡದಿರಬೇಕು, ಒತ್ತಿದ್ರ ಏನೂ ಆಗಬಾರದು."

"ಯಾರಿಗ್ರಿ?"

"ಗಣ್ಯರಿಗೆ."