ಗೋಲಿನ ಹಿಂದಿನ ಹುಲ್ಲು

ನಾನು ಎಲ್ಲಿ ಮನೆ ಮಾಡಿದರೂ ಪಕ್ಕದ ಮನೆಯವರ ಸಂಕಟ ಗೋಡೆ ದಾಟಿ ನನ್ನ ಬಳಿ ಬಂದೇ ಬರುತ್ತದೆ. ಮಸ್ಕತ್ತಿನಲ್ಲಿ ಪಕ್ಕದವರ ಗಿಳಿ ಬಂತು. ನೈರೋಬಿಯಲ್ಲಿ ಪಕ್ಕದವರ ವಿಚ್ಛೇದನ ಬಂತು. ಲಿಸ್ಬನ್ನಿನಲ್ಲಿ ಪಕ್ಕದವರ ಅತ್ತೆಯೇ ಬಂದು ಹದಿನೈದು ದಿನ ಇದ್ದರು. ಊರೂರು ಅಲೆದು ಸುಸ್ತಾಗಿ, ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿರುವ ಅಕ್ಕನ ಮನೆಯಲ್ಲಿ "ಒಂದೆರಡು ತಿಂಗಳು" ಅಂತ ಪೆಟ್ಟಿಗೆ ಇಳಿಸಿದೆ. ಎರಡು ವರ್ಷವಾಯಿತು. ಇಲ್ಲಿ ಗೋಡೆ ದಾಟಿ ಬಂದದ್ದು ಸ್ಕಾಟ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು.

೧. ಕೆಟ್ಟ ಸುದ್ದಿ

ನವೆಂಬರಿನ ಒಂದು ಶನಿವಾರ. ಮಧ್ಯಾಹ್ನವೇ ದೀಪ ಹಾಕಬೇಕಾದಂಥ ಮೋಡ. ಐದು ಗಂಟೆ ಹೊತ್ತಿಗೆ ಗೋಡೆಯ ಆಚೆಯಿಂದ ಒಂದು ನರಳಿಕೆ ಕೇಳಿಸಿತು. ಅಲ್ಲಿರುವುದು ಎಂಬತ್ತರ ಹತ್ತಿರದ ಸ್ಕಾಟಿಷ್ ಅಜ್ಜ, ಒಬ್ಬರೇ. ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಬಳಿ ಅವರ ಮನೆಯ ಒಂದು ಕೀಲಿ ಇತ್ತು.

"ಏ, ಬಿಪಿ ಮೆಷಿನ್ ತಗೊಂಡು ಬಾರೇ!" ಅಂತ ಅಕ್ಕ ಚಪ್ಪಲಿಯನ್ನೂ ಹಾಕದೆ ಓಡಿದಳು.

ಅಜ್ಜ ಲ್ಯಾಪ್‌ಟಾಪಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು.

"ಎದೆ ನೋವಾ?"

"ಅಲ್ಲ."

"ಯಾರಾದರೂ ಹೋದರಾ?"

"ಗೆದ್ದುಬಿಟ್ಟರು," ಅಂದರು ಅಜ್ಜ. "ಮತ್ತೆ."

ಬಿಪಿ ಪಟ್ಟಿ ಸುತ್ತಿಸಿಕೊಳ್ಳುತ್ತಾ ವಿಷಯ ಹೇಳಿದರು. ಗಂಡ ಹೆಂಡತಿ ಇಬ್ಬರದೂ ಸ್ಕಾಟ್ಲೆಂಡಿನ ಒಂದೇ ಸಣ್ಣ ಊರು. ಇವರು ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನ ಸಿಗ್ನಲ್ ರಿಪೇರಿಗೆಂದು ಬಂದವರು ಇಲ್ಲೇ ಉಳಿದರು. ಊರಿನ ಕ್ಲಬ್ಬಿನ ಹುಚ್ಚು ಇದ್ದದ್ದು ಹೆಂಡತಿಗೆ. ಇವರು ಮದುವೆಯಾಗಿ ಅಂಟಿಸಿಕೊಂಡವರು. ಅದು ಅರೆಕಾಲಿಕ ಆಟಗಾರರ ಕ್ಲಬ್ಬು. ವಾರವಿಡೀ ಒಬ್ಬ ಗೋಡೆಗೆ ಗಾರೆ ಬಳಿಯುತ್ತಾನೆ, ಒಬ್ಬ ಲಾರಿ ಓಡಿಸುತ್ತಾನೆ, ಒಬ್ಬ ಮಕ್ಕಳಿಗೆ ಭೂಗೋಳ ಕಲಿಸುತ್ತಾನೆ. ವಾರಕ್ಕೆ ಎರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಆಕೆ ಬದುಕಿದ್ದಷ್ಟು ಕಾಲ ತಂಡ ತಳದಲ್ಲೇ ಇತ್ತು. ಸಾಯುವಾಗ ಆಕೆ ಕೇಳಿದ್ದು ಒಂದೇ: ತನ್ನ ಬೂದಿಯನ್ನು ಆ ಮೈದಾನದಲ್ಲಿ, ರೈಲು ಹಳಿಯ ಕಡೆಯ ಗೋಲಿನ ಹಿಂದಿನ ಹುಲ್ಲಿನಲ್ಲಿ ಹಾಕಬೇಕು. ಅಜ್ಜ ಟೀ ಫ್ಲಾಸ್ಕಿನಲ್ಲಿ ಒಯ್ದರು. ಯಾರ ಅಪ್ಪಣೆಯೂ ಇಲ್ಲದೆ, ವಿರಾಮದ ಹೊತ್ತಿನಲ್ಲಿ ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿ ಸುರಿದು ಬಂದರು.

ಆಮೇಲೆ ಹೊಸ ಕೋಚ್ ಬಂದ, ಕ್ಲಬ್ಬು ಏರತೊಡಗಿತು. ಈ ಸಲ ಮೇಲಿನ ಲೀಗಿಗೆ ಹತ್ತಿದರೆ ಮೈದಾನದ ಹುಲ್ಲನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸುವುದಾಗಿ ಕಮಿಟಿ ನಿರ್ಧರಿಸಿತ್ತು. ಈಗಿನ ಹುಲ್ಲಿನಲ್ಲಿ ಮಳೆನೀರು ನಿಂತು ಪಂದ್ಯಗಳು ರದ್ದಾಗುತ್ತವಂತೆ.

"ಅಂದರೆ ಇವರು ಗೆದ್ದರೆ ನಿಮ್ಮ ಹೆಂಡತಿಯನ್ನ ಅಗೆದು ಲಾರಿಗೆ ತುಂಬ್ತಾರೆ," ಅಂದಳು ಅಕ್ಕ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಮೂವತ್ತು ವರ್ಷ ಇದ್ದವಳಿಗೆ ಕಹಿಯನ್ನು ಕಹಿಯಾಗಿಯೇ ಕೊಟ್ಟು ಅಭ್ಯಾಸ. ಮೆಷಿನ್ ನೋಡಿ, "ಬಿಪಿ ಸರಿಯಾಗಿದೆ, ಏರಿಲ್ಲ," ಅಂದಳು.

"ಈ ವರ್ಷ ಏರದೆ ಇರೋದು ಅದೊಂದೇ," ಅಂದರು ಅಜ್ಜ.

೨. ತಾಯಿಯ ಕ್ಯಾಮೆರಾ

ಅಂದಿನಿಂದ ಶನಿವಾರ ಮೂರು ಗಂಟೆಗೆ ನಾವಿಬ್ಬರೂ ಅಜ್ಜನ ಮನೆಯಲ್ಲಿ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತ ಅಕ್ಕ ಚಕ್ಕುಲಿ ಒಯ್ಯುತ್ತಿದ್ದಳು. ಅಜ್ಜ ಅವಳನ್ನು "ಲ್ಯಾಸ್" ಅನ್ನುತ್ತಿದ್ದರು. ಅವರ ಕಡೆ ಹಾಗೆಂದರೆ ಹುಡುಗಿ ಅಂತ ನಾನು ಹೇಳಿದ ದಿನದಿಂದ, ಅರವತ್ತೆರಡರ ಅಕ್ಕ ಚಕ್ಕುಲಿಗೆ ಬೆಣ್ಣೆ ಜಾಸ್ತಿ ಹಾಕತೊಡಗಿದಳು.

ಪಂದ್ಯ ಕಂಪ್ಯೂಟರಿನಲ್ಲಿ ಬರುತ್ತಿತ್ತು. ಇಡೀ ಮೈದಾನಕ್ಕೆ ಒಂದೇ ಕ್ಯಾಮೆರಾ. ಅದನ್ನು ಹಿಡಿಯುವವರು ಗೋಲ್‌ಕೀಪರನ ತಾಯಿ. ಆಕೆ ಚೆಂಡು ಎಲ್ಲಿ ಹೋದರೂ ಮಗನ ಮೇಲಿನಿಂದ ಕಣ್ಣು ತೆಗೆಯುವವರಲ್ಲ. ತೊಂಬತ್ತು ನಿಮಿಷ ನಾವು ನೋಡುತ್ತಿದ್ದುದು ಹಸಿರು ಅಂಗಿ ಹಾಕಿಕೊಂಡು, ಚಳಿಗೆ ಕುಣಿಯುತ್ತಾ, ಮೂಗು ಒರೆಸಿಕೊಳ್ಳುವ ಒಬ್ಬ ದಪ್ಪ ಯುವಕನನ್ನು. ನಮ್ಮವರು ಆಚೆ ಕಡೆ ಗೋಲು ಹೊಡೆದರೆ ಇವನು ಎರಡೂ ಕೈ ಎತ್ತುತ್ತಿದ್ದ. ಅದರಿಂದ ನಮಗೆ ಗೊತ್ತಾಗುತ್ತಿತ್ತು.

"ಆಟವೇ ಕಾಣಲ್ಲವಲ್ಲ ಅಜ್ಜ, ಕಂಪ್ಲೇಂಟ್ ಮಾಡಿ," ಅಂದೆ.

"ಯಾಕೆ?" ಅಂದರು ಅಜ್ಜ. "ಅರ್ಧ ಆಟ ಅವನು ರೈಲಿನ ಕಡೆಯ ಗೋಲಿನಲ್ಲಿ ನಿಂತಿರ್ತಾನೆ. ನಲವತ್ತೈದು ನಿಮಿಷ ಅವಳು ಕಾಣ್ತಾಳೆ."

ಅಕ್ಕ ಕನ್ನಡಕ ಒರೆಸಿಕೊಂಡಳು. ಆಮೇಲೆ ಕನ್ನಡದಲ್ಲಿ ನನಗೊಬ್ಬಳಿಗೇ ಹೇಳಿದಳು: "ನಿಮ್ಮ ಭಾವ ನನ್ನನ್ನ ಒಟ್ಟಾರೆ ಅಷ್ಟು ಹೊತ್ತು ನೋಡಿಲ್ಲ ಕಣೇ. ಮದುವೆ ವಿಡಿಯೋ ಸೇರಿಸಿದರೂ."

೩. ದೇವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು

ಪ್ರತಿ ಪಂದ್ಯದ ಮೊದಲು ಅಜ್ಜ, "ಇವತ್ತು ಸೋಲ್ತೀವಿ," ಅನ್ನುತ್ತಿದ್ದರು. ಅದು ಅವರ ಊರಿನ ಪದ್ಧತಿ. ಗೆಲ್ಲುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೆಂಡತಿಯೂ ಜೀವನವಿಡೀ ಹಾಗೇ ಅಂದವರಂತೆ.

ಅಕ್ಕನಿಗೆ ಮೈ ಉರಿಯಿತು. "ಹಾಗೆಲ್ಲ ಅಪಶಕುನ ನುಡೀಬೇಡಿ! ಅಸ್ತು ದೇವತೆಗಳು ತಿರುಗಾಡ್ತಿರ್ತಾರೆ. ಬಾಯಲ್ಲಿ ಏನು ಬಂದರೂ 'ಅಸ್ತು, ಹಾಗೇ ಆಗಲಿ' ಅಂದುಬಿಡ್ತಾರೆ."

ಅಜ್ಜನ ಮುಖದಲ್ಲಿ ಮೊದಲ ಸಲ ಬೆಳಕು ಕಂಡಿತು. "ಯಾವ ಹೊತ್ತಿಗೆ ಬರ್ತಾರೆ?"

"ಮುಸ್ಸಂಜೆಗೆ."

"ಚಳಿಗಾಲದಲ್ಲಿ ನಮ್ಮೂರಿನಲ್ಲಿ ಮೂರೂವರೆಗೇ ಮುಸ್ಸಂಜೆ." ಅಂದವರೇ ಮುಂದಿನ ಶನಿವಾರ ಮೂರೂವರೆಗೆ ಸರಿಯಾಗಿ ಕಿಟಕಿ ತೆಗೆದು, ಉತ್ತರಕ್ಕೆ ಮುಖ ಮಾಡಿ, "ಸೋಲ್ತೀವಿ!" ಅಂತ ಮೂರು ಸಲ ಕೂಗಿದರು. ಎದುರು ಮನೆಯ ಪಂಜಾಬಿ ಹೆಂಗಸು ಪರದೆ ಎಳೆದುಕೊಂಡಳು. ತಂಡ ನಾಲ್ಕು ಸೊನ್ನೆಯಲ್ಲಿ ಗೆದ್ದಿತು.

ಅಕ್ಕ ವಿಷಯವನ್ನು ತನ್ನ ಕೈಗೆ ತೆಗೆದುಕೊಂಡಳು. ಅವರ ಸೋಲಿಗೆ ಹರಕೆ ಹೊತ್ತರೆ ಪಾಪ. ಗೆಲುವಿಗೆ ಹೊತ್ತರೆ ಅಜ್ಜನಿಗೆ ದ್ರೋಹ. ಎರಡು ದಿನ ಯೋಚಿಸಿ, ಪಂದ್ಯ ಸಮವಾಗಲಿ ಅಂತ ಹರಕೆ ಹೊತ್ತಳು. "ದೇವರಿಗೂ ಧರ್ಮಸಂಕಟ ಬೇಡ," ಅಂದಳು.

ದೇವರು ಕೇಳಿಸಿಕೊಂಡ. ಮುಂದಿನ ಮೂರೂ ಪಂದ್ಯ ಸಮ. ಆ ಮೂರೂ ವಾರ ಮೊದಲ ಸ್ಥಾನದಲ್ಲಿದ್ದ ತಂಡ ಸೋತಿತು. ನಮ್ಮವರು ಲೀಗಿನ ತುದಿಗೆ ಹೋಗಿ ಕೂತರು.

೪. ಬಾಯ್ಲರ್

ಫೆಬ್ರುವರಿಯಲ್ಲಿ ಅಜ್ಜ ಅಧರ್ಮಕ್ಕೆ ಇಳಿದರು.

ತಂಡದಲ್ಲಿ ಹೆಚ್ಚು ಗೋಲು ಹೊಡೆಯುವವನು ವಾರದ ದಿನಗಳಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರುಗಳ ರಿಪೇರಿ ಮಾಡುತ್ತಿದ್ದ. ಅಜ್ಜ ಇಲ್ಲಿಂದ ಅವನಿಗೆ ಫೋನು ಹಚ್ಚಿದರು. ಊರಿನಲ್ಲಿ ನನ್ನ ನಾದಿನಿ ಇದ್ದಾಳೆ, ಅವಳ ಮನೆಯ ಬಾಯ್ಲರ್ ಕೆಟ್ಟಿದೆ, ಮುದುಕಿ ಚಳಿಗೆ ಸೆಟೆದುಹೋಗುತ್ತಿದ್ದಾಳೆ, ಶನಿವಾರ ಮೂರು ಗಂಟೆಗೇ ಬರಬೇಕು, ಬೇರೆ ಹೊತ್ತಿನಲ್ಲಿ ಆಕೆ ಮನೆಯಲ್ಲಿರುವುದಿಲ್ಲ ಅಂತ ಪುಂಖಾನುಪುಂಖವಾಗಿ ಸುಳ್ಳು ಬಿಟ್ಟರು.

"ಪಾಪ, ಶನಿವಾರದವರೆಗೆ ಯಾಕೆ ನಡುಗಬೇಕು?" ಅಂದನಂತೆ ಆ ಹುಡುಗ. "ಈಗಲೇ ಹೋಗ್ತೀನಿ."

ಹೋದ. ನಾದಿನಿಗೆ ತಲೆಬುಡ ತಿಳಿಯಲಿಲ್ಲ. ಬಂದದ್ದು ಬಂದೆ ಅಂತ ಅವನು ಬಾಯ್ಲರ್ ಬಿಚ್ಚಿ ನೋಡಿದರೆ ಒಳಗೆ ನಿಜವಾಗಿಯೂ ಗ್ಯಾಸ್ ಸೋರುತ್ತಿತ್ತು. ಶನಿವಾರ ನಾದಿನಿ ಹುಟ್ಟಿದ ಮೇಲೆ ಮೊದಲ ಸಲ ಫುಟ್‌ಬಾಲ್ ನೋಡಲು ಹೋಗಿ, ಅವನು ಎರಡು ಗೋಲು ಹೊಡೆದಾಗ ಎರಡು ಸಲ ಅತ್ತಳಂತೆ.

ಅಂದು ಸಂಜೆ ಅವಳ ಫೋನು ಬಂತು. ಸ್ಪೀಕರಿನಲ್ಲಿ ನಮಗೂ ಕೇಳಿಸಿತು: "ಅಷ್ಟು ದೂರದಲ್ಲಿ ಕೂತು ನನ್ನ ಪ್ರಾಣದ ಬಗ್ಗೆ ಯೋಚಿಸಿದೆಯಲ್ಲ! ನನ್ನಕ್ಕ ಯಾವಾಗಲೂ ನಿನ್ನನ್ನ ಕಲ್ಲುಹೃದಯದವನು ಅಂತಿದ್ದಳು."

ಅಜ್ಜ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. "ಕೆಟ್ಟ ಕೆಲಸ ಮಾಡೋಕೂ ಒಂದು ಯೋಗ್ಯತೆ ಬೇಕು," ಅಂದರು.

೫. ಯಾರು ಕೂಗಿದ್ದು

ತಂಡ ಲೀಗ್ ಗೆದ್ದಿತು. ಮೇಲಿನ ಲೀಗಿನಲ್ಲಿ ಕೊನೆಗೆ ಬಂದ ತಂಡದ ಜೊತೆ ಇನ್ನೊಂದೇ ಹಣಾಹಣಿ ಉಳಿದಿತ್ತು. ಅದನ್ನು ಗೆದ್ದರೆ ಏರಿಕೆ, ಅದರ ಹಿಂದೆಯೇ ಜೆಸಿಬಿ.

ಆ ಶನಿವಾರ ಅಜ್ಜ ಟೈ ಕಟ್ಟಿಕೊಂಡು ಕೂತಿದ್ದರು, ಹೆಂಡತಿಯ ಶವಸಂಸ್ಕಾರಕ್ಕೆ ಕಟ್ಟಿದ್ದದ್ದೇ. ಪಂದ್ಯ ಸಮವಾಗಿ ಮುಗಿದು ಪೆನಾಲ್ಟಿಗೆ ಬಂತು. ಅದೂ ರೈಲಿನ ಕಡೆಯ ಗೋಲಿನಲ್ಲೇ. ಗೋಲ್‌ಕೀಪರನ ತಾಯಿಯ ಕ್ಯಾಮೆರಾ ಆ ವರ್ಷ ಮೊದಲ ಸಲ ಇರಬೇಕಾದ ಕಡೆ ಇತ್ತು, ಆದರೆ ಗಡಗಡ ನಡುಗುತ್ತಿತ್ತು. ಎದುರಾಳಿಯ ಕೊನೆಯ ಹೊಡೆತ. ಗೋಲ್‌ಕೀಪರ್ ಇದನ್ನು ಹಿಡಿದರೆ ಗೆಲುವು; ಒಳಗೆ ಬಿಟ್ಟರೆ ಲೆಕ್ಕ ಸಮವಾಗಿ ಹುಲ್ಲಿಗೆ ಇನ್ನೂ ಆಸೆ ಇರುತ್ತದೆ.

"ಹಿಡಿಯೋ! ಹಿಡಿಯೋ ಮಗನೇ!" ಅಂತ ಅಜ್ಜ ಕುರ್ಚಿಯಿಂದ ನೆಗೆದರು. ಹಿಡಿದ.

ಜನ ಬೇಲಿ ಹಾರಿ ಒಳಗೆ ನುಗ್ಗಿದರು. ಗೋಲಿನ ಹಿಂದಿನ ಹುಲ್ಲಿನ ಮೇಲೆ ನೂರಾರು ಬೂಟುಗಳು ಕುಣಿದವು. ನಮ್ಮ ಕೋಣೆಯಲ್ಲಿ ಯಾರೂ ಚಕ್ಕುಲಿ ಮುರಿಯಲಿಲ್ಲ.

ಕೊನೆಗೆ ಅಕ್ಕನೇ ಕೇಳಿದಳು. "ಹಿಡಿ ಅಂತ ಕೂಗಿದವರು ನೀವೇ ಅಲ್ಲವಾ?"

"ನಾನಲ್ಲ," ಅಂದರು ಅಜ್ಜ, ಟೈ ಸಡಿಲಿಸುತ್ತಾ. "ಅವಳು."

೬. ಒಂಬತ್ತು ಪಾಲು

ಹುಲ್ಲು ಕೀಳುವ ಮೊದಲು ಅವಳನ್ನು ಬಿಡಿಸಿಕೊಳ್ಳಬೇಕಿತ್ತು. ಹಾಗೆ ಮಾಡಲು ಕದ್ದು ಹಾಕಿದ್ದನ್ನು ಒಪ್ಪಿಕೊಳ್ಳಬೇಕು. ಅಜ್ಜನಿಗೆ ಧೈರ್ಯ ಸಾಲಲಿಲ್ಲ. ಹತ್ತು ದೇಶದ ವಲಸೆ ಅಧಿಕಾರಿಗಳ ಮುಂದೆ ಮುಗ್ಧ ಮುಖ ಮಾಡಿ ನಿಂತವಳು ನಾನು. ಕ್ಲಬ್ಬಿನ ಕಾರ್ಯದರ್ಶಿಗೆ ನಾನೇ ಫೋನು ಮಾಡಿ, ಸುತ್ತಿ ಬಳಸಿ, ಫ್ಲಾಸ್ಕಿನ ಕಥೆ ಹೇಳಿದೆ.

ಆಚೆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ಕೇಳಿದರು: "ಯಾವ ಗೋಲು?"

"ರೈಲಿನ ಕಡೆಯದು."

"ಎಡಗಂಬವೋ, ಬಲಗಂಬವೋ?"

"ಎಡಗಂಬ."

"ಹಾಗಿದ್ದರೆ ಸಾಲಿನಲ್ಲಿ ನೀವು ಒಂಬತ್ತನೆಯವರು," ಅಂದರು ಆತ. "ಈ ವಾರ ಪೂರ್ತಿ ಇದೇ ಫೋನು. ಎಲ್ಲರೂ ಕದ್ದು ಹಾಕಿದವರೇ. ಎಲ್ಲರೂ ಶೂ ಲೇಸು ಕಟ್ಟಿಕೊಂಡವರೇ. ಚೆಂಡು ತರೋಕೆ ಹೋದಾಗ ನಮ್ಮ ಗೋಲ್‌ಕೀಪರುಗಳು ಅಲ್ಲಿ ಯಾಕೆ ಜಾರಿ ಬೀಳ್ತಿದ್ದರು ಅಂತ ಈಗ ಗೊತ್ತಾಯಿತು."

ಯಾರ ಬೂದಿ ಎಲ್ಲಿ ಅಂತ ಹೇಳಲು ನನಗೆ ಸಾಧ್ಯವಿಲ್ಲ; ಅಷ್ಟೂ ಹುಲ್ಲನ್ನು ಎತ್ತಿ, ಅಡಿಯ ಮಣ್ಣನ್ನೆಲ್ಲ ಕಲಸಿ, ಒಂಬತ್ತು ಸಮಪಾಲು ಮಾಡುತ್ತೇನೆ, ಎಲ್ಲರಿಗೂ ಎಲ್ಲರೂ ಸ್ವಲ್ಪ ಸ್ವಲ್ಪ ಬರುತ್ತಾರೆ ಅಂದರು.

"ಪ್ರಸಾದ ಹಂಚಿದ ಹಾಗೆ," ಅಂತ ಅಕ್ಕ ತಲೆದೂಗಿದಳು.

ಅಜ್ಜನಿಗೆ ಮಾತ್ರ ಒಂದು ಯೋಚನೆ ಹತ್ತಿತು. ತನ್ನ ಮನೆಗೆ ಇನ್ನು ಯಾರು ಯಾರು ಬರುತ್ತಿದ್ದಾರೆ? ನಾನು ಕೇಳಿದೆ, ಕಾರ್ಯದರ್ಶಿ ಪಟ್ಟಿ ಓದಿದರು. ಒಬ್ಬ ಬೇಕರಿಯವನು. ಒಬ್ಬ ಶಾಲೆಯ ಟೀಚರು. ಬದುಕಿದ್ದಾಗ ಪರಸ್ಪರ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು. ಎಂಟನೆಯ ಹೆಸರು ಕೇಳಿದ್ದೇ ಅಜ್ಜ ಎದ್ದು ನಿಂತರು.

"ಆ ರೆಫರಿ?"

ಹೌದು, ಆ ರೆಫರಿ. ಎಂದೋ ಒಂದು ಪಂದ್ಯದಲ್ಲಿ ಕೊಡಬೇಕಾದ ಪೆನಾಲ್ಟಿ ಕೊಡಲಿಲ್ಲವಂತೆ. ಅಜ್ಜಿ ಅವನನ್ನು ಇಪ್ಪತ್ತು ವರ್ಷ, ಇಲ್ಫರ್ಡಿನ ಅಡಿಗೆಮನೆಯಲ್ಲಿ, ಈರುಳ್ಳಿ ಹೆಚ್ಚುವಾಗೆಲ್ಲ ಬೈದಿದ್ದರು. ಬದುಕಿದ್ದಾಗ ಅವನನ್ನು ಆ ಗೋಲಿನ ಹಿಂದೆ ನಿಲ್ಲಲು ಜನ ಬಿಡುತ್ತಿರಲಿಲ್ಲ. ಸತ್ತ ಮೇಲೆ ಮಗಳು ಮಳೆ ಬಂದ ದಿನ ನೋಡಿ ಹಾಕಿ ಹೋಗಿದ್ದಳು.

"ಬೇಡ ಅಂದುಬಿಡಲೇ?" ಅಂತ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದೆ. ಅಜ್ಜ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು ಕೇಳಿಸಿತು.

ಜೂನಿನಲ್ಲಿ ಗೋಲ್‌ಕೀಪರನೇ ತನ್ನ ಲಾರಿಯಲ್ಲಿ ಲಂಡನ್ನಿಗೆ ಸರಕು ತರುವಾಗ ನಮ್ಮ ಪಾಲನ್ನೂ ತಂದಿಳಿಸಿದ. ಒಂದು ಚಾಪೆಯಷ್ಟು ಹುಲ್ಲು, ಒಂದು ಚೀಲ ಮಣ್ಣು. ಅಜ್ಜ ಹಿತ್ತಲಿನಲ್ಲಿ ಎರಡು ಕಲ್ಲುಹಾಸು ಎಬ್ಬಿಸಿ ಅಗೆದಿಟ್ಟಿದ್ದ ಜಾಗದಲ್ಲಿ ನೆಟ್ಟರು. ಬೇಸಿಗೆಯಲ್ಲಿ ಅದು ಹಸಿರಾಯಿತು, ಎಡಗಡೆಯ ಒಂದು ಮೂಲೆ ಬಿಟ್ಟು. ಅಲ್ಲಿ ಮಾತ್ರ ಹಳದಿ ತಿರುಗಿ ಬಾಡುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜ ಆ ಮೂಲೆಗೇ ಬಗ್ಗಿ ಬಗ್ಗಿ ನೀರು ಹಾಕುತ್ತಿದ್ದರು. ಅಕ್ಕ ಬೇಲಿಯ ಮೇಲಿಂದ ಇಣುಕಿದಳು.

"ಅಲ್ಲಿ ಯಾಕೆ ಹಾಕ್ತೀರಿ? ಅದು ಖಂಡಿತ ಆ ರೆಫರಿಯೇ. ಒಣಗಿಹೋಗಲಿ ಬಿಡಿ."

"ಒಣಗೋಕೆ ಬಿಡಬಾರದು ಲ್ಯಾಸ್," ಅಂದರು ಅಜ್ಜ, ತಲೆ ಎತ್ತದೆ. "ಇವನೂ ಹೋಗಿಬಿಟ್ಟರೆ ಅವಳು ಯಾರನ್ನ ಬೈಯಬೇಕು?"