ಲಿಫ್ಟಿನ ನಕ್ಷೆಗೆ ವಾಸ್ತು

ಬೇರೆ ಆಫೀಸುಗಳಲ್ಲಿ ಕೆಲಸ ನಡೆಯುತ್ತದಂತೆ. ಜಯನಗರದ ನಮ್ಮ ಆಫೀಸಿನಲ್ಲಿ ಪ್ರಸಂಗಗಳು ನಡೆಯುತ್ತವೆ. ನಡುವೆ ಬಿಡುವಾದರೆ ಕೆಲಸ. ನಾವು ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆಯುವವರು. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಮೊದಲು ಡಬ್ಬಿ, ಬಾಣಗಳ ನಕ್ಷೆ ಬಿಡಿಸುತ್ತೇವೆ, ಆಮೇಲೆ ಕೋಡ್. ಮೂರನೇ ಮಹಡಿಯ ನಮ್ಮ ಆಫೀಸಿಗೆ ಮೆಟ್ಟಿಲೇ ಗತಿ ಎಂಬುದು ಬೇರೆ ಮಾತು.

ತಾಯಿತ

ಕೋಡ್ ಏನೋ ಎಲ್ಲರ ಕೈಗೆ ಸಿಗುವ ಜಾಗದಲ್ಲಿತ್ತು. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು. ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದಿತ್ತು. ನಕ್ಷೆ ಮಾತ್ರ ಅದನ್ನು ಬಿಡಿಸುವ ನಮ್ಮ ಆರ್ಕಿಟೆಕ್ಟರ ಪೆನ್ ಡ್ರೈವಿನಲ್ಲಿ, ತಾಯಿತದ ಹಾಗೆ ಸದಾ ಅವರ ಜೇಬಿನಲ್ಲಿ. ಹೀಗಾಗಿ ನಕ್ಷೆ ಹೇಳುವುದೊಂದು, ಕೋಡ್ ಮಾಡುವುದು ಇನ್ನೊಂದು.

"ಎರಡನ್ನೂ ಒಂದೇ ಕಡೆ ಇಡೋಣ. ನಕ್ಷೆ ಬದಲಿಸಿದ್ರೆ ಕೋಡೂ ತಾನಾಗೇ ಬದಲಾಗೋ ಹಾಗೆ ನಾನು ಜೋಡಿಸ್ತೀನಿ" ಎಂದೆ.

"ಮೇಡಂ, ನೀವು ಓದಿದ್ದು ಯಾವ ಕಾಲೇಜು?" ಎಂದರು ಆರ್ಕಿಟೆಕ್ಟರು.

"ಅವೆನ್ಯೂ ರಸ್ತೆ ಫುಟ್‌ಪಾತು ಸಾರ್. ಹಳೇ ಪುಸ್ತಕ, ಅರ್ಧ ರೇಟು."

"ಹಾಗನ್ನಿ!" ಎಂದು ನಕ್ಕರು. ಅದೇ ವಾರ ತಾಯಿತ ಜೇಬಿನ ಸಮೇತ ವಾಷಿಂಗ್ ಮೆಷಿನ್ನಿಗೆ ಹೋಗಿ ಬಂತು. ಅವರ ನಕ್ಷೆ ಅಷ್ಟು ಸ್ವಚ್ಛವಾಗಿದ್ದುದು ಅದೇ ಮೊದಲು.

ಸೀಟಿನ ಮೇಲೆ ಟವೆಲ್

ಯಾವುದೋ ಹಳೇ ಮೇಲ್‌ನಲ್ಲಿ ನಕ್ಷೆಯ ಪ್ರತಿ ಸಿಕ್ಕಿತು. ನನ್ನ ಜೋಡಣೆಗೆ ಬಾಸ್ ಒಪ್ಪಿದರು, ಷರತ್ತಿನ ಮೇಲೆ: "ಕ್ಲೈಂಟ್ ಬಂದು ನಕ್ಷೆ, ಕೋಡ್ ಎರಡೂ ಹೊಂದುತ್ತಾ ಅಂತ ನೋಡ್ತಾರೆ. ಹೊಂದದಿದ್ರೆ ಕಾಂಟ್ರಾಕ್ಟ್ ಹೋಯ್ತು, ನಿಮ್ಮ ಜೋಡಣೆನೂ ಹೋಯ್ತು. ಮತ್ತೆ ಪೆನ್ ಡ್ರೈವೇ."

ಒಂದೇ ನಕ್ಷೆಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಬಾಣಗಳೆಲ್ಲ ಶಾವಿಗೆಯಾಗುತ್ತವೆ. ಅದಕ್ಕೇ ಒಂದು ಬೀಗ ಇಟ್ಟೆ. ಬೀಗ ಹಾಕಿದವರು ತಿದ್ದಬಹುದು, ಉಳಿದವರು ಬರೀ ನೋಡಬಹುದು. ಆರ್ಕಿಟೆಕ್ಟರಿಗೆ ಇದು ತಕ್ಷಣ ಅರ್ಥವಾಯಿತು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ ಬೀಗ ಹಾಕಿ, ತಂಗಿ ಮಗನ ಮುಂಜಿಗೆ ಹೊರಟುಹೋದರು.

ಫೋನ್ ಮಾಡಿದೆ. "ಸಾರ್, ಬೀಗ ತೆಗೀರಿ."

"ಪಂಕ್ತೀಲಿ ಕೂತಿದೀನಿ ಮೇಡಂ."

"ಊಟ ಆದ ಮೇಲೆ?"

"ಊಟ ಆದ ಮೇಲೆ ಮಲಗಬೇಕಲ್ಲ!"

ಬೀಗ ಒಡೆದೆ. ಮರುದಿನ ಅವರು ಬಾಸ್ ಬಳಿ ಗೋಳಿಟ್ಟರು: "ಸಾರ್, ನನ್ನ ಬೀಗ ಒಡೆದಿದಾರೆ!"

"ಏನಾದ್ರೂ ಕಳುವಾಯ್ತೇನ್ರೀ?"

"ಇಲ್ಲ ಸಾರ್. ತಪ್ಪೆಲ್ಲಾ ತಿದ್ದಿ ಹೋಗಿದಾರೆ."

ಅಗ್ನಿಮೂಲೆ

ಕ್ಲೈಂಟ್ ಕಡೆಯ ಹಿರಿಯರು ಬಂದ ದಿನ. ನಗುವಿಗೂ ಬಿಲ್ ಕೇಳುವಂಥ ಮುಖ. ಮೇಜಿನ ಮೇಲೆ ನಮ್ಮ ಸಾಫ್ಟ್‌ವೇರ್ ನಡೆಸುವ ಗೊಂಬೆ ಲಿಫ್ಟು. ಅವರನ್ನು ಕರೆತರಲು ನಾನು ಕೆಳಗಿಳಿದಿದ್ದಾಗ ಬಾಸ್ ನಕ್ಷೆ ನೋಡಿದ್ದಾರೆ. ಪ್ರಿಂಟರಿಗೂ ವಾಸ್ತು ಕೇಳುವವರು ಅವರು.

"ಅಯ್ಯೋ, ಬೆಂಕಿ ಡಬ್ಬಿ ವಾಯುವ್ಯದಲ್ಲಾ? ಅಗ್ನಿಮೂಲೆಗೆ ಹಾಕ್ರೀ!"

ಆರ್ಕಿಟೆಕ್ಟರು ಅಂದು ಮಾತ್ರ ಕೇಳುವ ಮೊದಲೇ ಬೀಗ ಬಿಟ್ಟುಕೊಟ್ಟರು. ಬೆಂಕಿ ಬಿದ್ದಾಗ ಲಿಫ್ಟು ಏನು ಮಾಡಬೇಕೆಂದು ಹೇಳುವ 'ಬೆಂಕಿ' ಎಂಬ ದೊಡ್ಡ ಡಬ್ಬಿಯನ್ನು ಬಾಸ್ ತಮ್ಮ ಕೈಯಾರೆ ಎಳೆದು ಆಗ್ನೇಯಕ್ಕೆ ತಂದರು. ಅಲ್ಲಿದ್ದ 'ಬಾಗಿಲು ತೆರೆ' ಎಂಬ ಪುಟ್ಟ ಡಬ್ಬಿ ಅದರ ಹೊಟ್ಟೆಯೊಳಗೆ ಸೇರಿತು. ನಮ್ಮ ನಕ್ಷೆಯಲ್ಲಿ ಒಳಗಿನ ಡಬ್ಬಿ ಹೊರಗಿನ ಡಬ್ಬಿ ಹೇಳಿದಂತೆ ಕೇಳಬೇಕು. ನನ್ನ ವಿಧೇಯ ಜೋಡಣೆ ಆ ಕ್ಷಣವೇ ಕೋಡನ್ನೂ ಬದಲಿಸಿತು.

ಇದೊಂದೂ ತಿಳಿಯದ ನಾನು ಹಿರಿಯರನ್ನು ಕರೆತಂದು ಕೂರಿಸಿ ಗುಂಡಿ ಒತ್ತಿದೆ. ಗೊಂಬೆ ಲಿಫ್ಟು ತನ್ನ ಮೂರನೇ ಮಹಡಿಗೆ ಹೋಗಿ ನಿಂತಿತು. ಬಾಗಿಲು ತೆರೆಯಲಿಲ್ಲ. ಪರೀಕ್ಷೆ ಮಾಡುವ ಹುಬ್ಬಳ್ಳಿ ಹುಡುಗಿ ಸ್ಕ್ರೀನ್ ನೋಡಿ ನನ್ನ ಕಿವಿಯಲ್ಲಿ ಉಸುರಿದಳು: "ಮೇಡಂ, ಬೆಂಕಿ ಹತ್ತಿದ್ರಷ್ಟ ಬಾಗಲಾ ತೆಗೀತೈತ್ರಿ!"

ಆರ್ಕಿಟೆಕ್ಟರು ಜೇಬಿನ ಹೊಸ ಪೆನ್ ಡ್ರೈವನ್ನು ಮುದ್ದಾಗಿ ಸವರಿದರು.

ಬೇರೆ ದಾರಿಯಿಲ್ಲದೆ ಬದಲಾವಣೆಯ ಇತಿಹಾಸ ತೆರೆದೆ. ಬಾಸ್ ಹೆಸರು, ಪಕ್ಕದಲ್ಲಿ ಅವರೇ ಬರೆದ ಕಾರಣ: 'ಅಗ್ನಿ ಸ್ಥಳಾಂತರ. ಶುಭಂ.'

ಹಿರಿಯರು ಕನ್ನಡಕ ಏರಿಸಿದರು. "ನಕ್ಷೆ ಪ್ರಕಾರ ಬೆಂಕಿ ಬಿದ್ರೇನೇ ಬಾಗಿಲು?"

"ಹೌದು ಸಾರ್."

"ಕೋಡ್ ಪ್ರಕಾರ?"

"ಅದೇ ಸಾರ್. ಕೂದಲೆಳೆ ವ್ಯತ್ಯಾಸ ಇಲ್ಲ" ಎಂದು ನಿನ್ನೆಯ ಸ್ಥಿತಿಗೆ ಮರಳಿಸಿದೆ. ಬಾಗಿಲು ತೆರೆಯಿತು.

"ಮೂರ್ಖತನ ಕೂಡ ಇಷ್ಟು ನಿಷ್ಠೆಯಿಂದ ಕೋಡಿಗೆ ಇಳಿದಿದ್ದು ನಾನು ಎಲ್ಲೂ ನೋಡಿಲ್ಲ" ಎಂದು ಸಹಿ ಹಾಕಿದರು.

ಗೆದ್ದೆ! ಸೆರಗು ಸರಿಮಾಡಿಕೊಂಡು ಹೊಗಳಿಕೆಗೆ ಸಿದ್ಧಳಾಗಿ ನಿಂತೆ. ಹಿರಿಯರು ನನ್ನನ್ನು ದಾಟಿಕೊಂಡು ಹೋಗಿ ಬಾಸ್ ಕೈ ಹಿಡಿದು ಮೆಲ್ಲಗೆ ಕೇಳಿದರು: "ಸಾರ್, ಹೊಸಕೆರೆಹಳ್ಳೀಲಿ ಮನೆ ಕಟ್ಟಿಸ್ತಾ ಇದೀನಿ. ಅಡುಗೆಮನೆ ಒಂದ್ಸಲ ಬಂದು ನೋಡ್ತೀರಾ?"