ಸಾವಿರದ ಮುನ್ನೂರು ವಾಟಿನ ಬಲ್ಬು

ನೆಟ್ಟಗೆ ನಡೆಯುತ್ತಿರುವ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಡಲು ನನ್ನಿಂದ ಆಗುವುದಿಲ್ಲ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದ್ದರೆ ಮನೆಯವರೆಲ್ಲ ಐದು ಕಳೆದು ನೋಡಿಕೊಂಡು ಹಾಯಾಗಿರುತ್ತಾರೆ; ನಾನೊಬ್ಬನೇ ಸ್ಕ್ರೂಡ್ರೈವರ್ ಹುಡುಕುತ್ತೇನೆ. ಇದಕ್ಕೆ ನಾನು ಇಟ್ಟುಕೊಂಡ ಹೆಸರು ವೈಜ್ಞಾನಿಕ ಮನೋಭಾವ, ನನ್ನ ಹೆಂಡತಿ ಸುಮಿತ್ರಾ ಇಟ್ಟ ಹೆಸರು ಕೈತುರಿಕೆ. ಬಾಳೂರಿನ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವಿದ್ಯುತ್ ಸಾಮರ್ಥ್ಯ ಎಂದು ವರ್ಷಾವರ್ಷ ಮಕ್ಕಳಿಂದ ಹೇಳಿಸಿದವನು. ಅಷ್ಟಾಗಿಯೂ ಇದು ನಡೆಯಿತು.

ತೊಂಬತ್ತರ ದಶಕದ ಕೊನೆ ಇರಬೇಕು. ಕಂಬದ ಕರೆಂಟು ನಮ್ಮ ಮನೆಯವರೆಗೆ ಬಂದಿರಲಿಲ್ಲ. ತೋಟದ ಮೇಲಿನ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಪುಟ್ಟದೊಂದು ಟರ್ಬೈನು ತಿರುಗಿಸಿ ನಾವೇ ಕರೆಂಟು ಮಾಡಿಕೊಂಡಿದ್ದೆವು. ಕೂರಿಸಿಕೊಟ್ಟವರು ಕಳಸದ ಮೆಕ್ಯಾನಿಕ್ ಹಮೀದ್ ಸಾಹೇಬರು. ಈ ಕರೆಂಟಿನ ರೀತಿಯೇ ಬೇರೆ. ನೀರು ಬೀಳುತ್ತಲೇ ಇರುತ್ತದೆ, ಕರೆಂಟು ಹುಟ್ಟುತ್ತಲೇ ಇರುತ್ತದೆ, ಅದನ್ನು ಯಾರಾದರೂ ತಿನ್ನುತ್ತಲೇ ಇರಬೇಕು. ತಿನ್ನುವವರು ಕಡಿಮೆಯಾದರೆ ಟರ್ಬೈನು ಹುಚ್ಚೆದ್ದು ತಿರುಗಿ ವೋಲ್ಟೇಜು ಏರಿಬಿಡುತ್ತದೆ. ಅದಕ್ಕೇ ಹಿತ್ತಿಲ ಜಗುಲಿಯಲ್ಲಿ ತಲಾ ನೂರು ವಾಟಿನ ಐದು ಬಲ್ಬುಗಳು ಹಾಡುಹಗಲಲ್ಲೂ ಉರಿಯುತ್ತಿದ್ದವು. ಬಯಲುಸೀಮೆಯ ನೆಂಟರು ಬಂದರೆ “ಅಯ್ಯೋ, ಸುಮ್ಮನೆ ದಂಡ!” ಎಂದು ಪಟಪಟನೆ ಆರಿಸುತ್ತಿದ್ದರು, ನಾವು ಎಂಜಲು ಕೈಯಲ್ಲೇ ಓಡಿ ಮತ್ತೆ ಹಾಕುತ್ತಿದ್ದೆವು. ನಮ್ಮ ಕಡೆ ಕೇಳದೆ ದೀಪ ಆರಿಸುವುದು ಮರ್ಯಾದಸ್ಥರ ಕೆಲಸವಲ್ಲ.

ಆ ವರ್ಷ ಟಿ.ವಿ. ಬಂತು. ತರಿಸಿದ್ದು ಸುಮಿತ್ರಾಳ ಹಟ. ಅವಳಿಗೆ ಕ್ರಿಕೆಟ್ ಎಂದರೆ ಪ್ರಾಣ. ಮದುವೆಯಾದಂದಿನಿಂದ ಬ್ಯಾಟರಿ ರೇಡಿಯೋಗೆ ಕಿವಿ ಹಚ್ಚಿ, ಕಾಣದ ಆಟವನ್ನು ಊಹಿಸಿಕೊಂಡೇ ಕುಣಿದವಳು. ಬರುವ ಭಾನುವಾರ ಫೈನಲ್ ಮ್ಯಾಚು. ಒಂದು ಸಲವಾದರೂ ನಮ್ಮವರು ಗೆಲ್ಲುವುದನ್ನು ಕಣ್ಣಾರೆ ನೋಡಬೇಕು ಎಂದು ದಿನ ಎಣಿಸುತ್ತಿದ್ದಳು. ಆದರೆ ಬೇಸಿಗೆಗೆ ಹಳ್ಳ ಇಳಿದು, ವೋಲ್ಟೇಜು ಸಾಲದೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಆಟಗಾರರು ಬೆರಳುದ್ದ ಕಾಣುತ್ತಿದ್ದರು. “ಒಂದು ಬಲ್ಬ್ ಆರ್ಸಿ ಸಾರ್, ಸಾಕು. ಒಂದೇ ಮತ್ತೆ!” ಎಂದಿದ್ದರು ಹಮೀದ್ ಸಾಹೇಬರು.

ಒಂದೇ ಏಕೆ? ನನ್ನ ಕೈ ತುರಿಸತೊಡಗಿತು. ಶನಿವಾರ ಮಧ್ಯಾಹ್ನ ಶಾಲೆಯ ಮೀಟರು ತಂದು, ಒಂದು ಬಲ್ಬನ್ನು ಬಿಚ್ಚಿ ರೋಧ ಅಳೆದೆ. ನಲವತ್ತು ಓಮ್. ಇನ್ನೂರ ಮೂವತ್ತು ವೋಲ್ಟನ್ನು ಅದರಿಂದ ಭಾಗಿಸಿದರೆ ಐದು ಮುಕ್ಕಾಲು ಆಂಪಿಯರ್. ಗುಣಿಸಿದರೆ ಸಾವಿರದ ಮುನ್ನೂರು ವಾಟ್! ಬಲ್ಬಿನ ತಲೆಯ ಮೇಲೆ ನೂರು ಎಂದು ಬರೆದಿದೆ, ಮೋಸಗಾರ ಕಂಪನಿ! ಟರ್ಬೈನನ್ನು ಹಿಡಿದಿಡಲು ಇಂಥ ಬಕಾಸುರ ಒಬ್ಬನೇ ಸಾಕು, ಉಳಿದ ನಾಲ್ವರು ಟಿ.ವಿ.ಯ ಬಾಯಿಂದ ತುತ್ತು ಕಸಿಯುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಟರ್ಬೈನು ಹುಟ್ಟಿಸುವುದೇ ಆರುನೂರು ವಾಟು ಎಂದು ಹಮೀದ್ ಸಾಹೇಬರು ಹೇಳಿದ್ದು ನೆನಪಾಯಿತು. ಅವರದು ಬಾಯಿಲೆಕ್ಕ, ನನ್ನದು ಸೂತ್ರ.

ಭಾನುವಾರ ನಡುಮನೆ ತುಂಬ ಜನ. ಎಸ್ಟೇಟಿನ ಹೆಂಗಸರು, ಮೇಸ್ತ್ರಿ, ಹಮೀದ್ ಸಾಹೇಬರು, ಎಲ್ಲರೂ ಸುಮಿತ್ರಾ ಕರೆದವರೇ. ನಾನು ಮೆಲ್ಲಗೆ ಹಿತ್ತಿಲಿಗೆ ಹೋಗಿ ಒಂದು ಬಲ್ಬು ಆರಿಸಿದೆ. “ಚಿತ್ರ ದೊಡ್ಡ ಆಯ್ತು!” ಎಂದು ಒಳಗಿನಿಂದ ಚಪ್ಪಾಳೆ. ನನ್ನ ಪಾಠಕ್ಕೆ ಯಾರೂ ಚಪ್ಪಾಳೆ ತಟ್ಟಿದವರಲ್ಲ, ತಲೆ ತಿರುಗಿತು. ಎರಡನೆಯದು, ಮೂರನೆಯದು, ನಾಲ್ಕನೆಯದು ಆರಿಸಿಬಿಟ್ಟೆ. ಹಳ್ಳದ ಕಡೆ ಟರ್ಬೈನು ಕೀರಲು ದನಿಯಲ್ಲಿ ಕಿರುಚಿತು. ಉಳಿದ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗಾಯಿತು. ನಡುಮನೆಯಲ್ಲಿ ‘ಢಬ್’ ಎಂದಿತು.

“ಎಂತ ಮಾಡಿದ್ರಿ ಮಾರಾಯ್ರೇ!” ಎಂದು ಕೂಗುತ್ತ ಹಮೀದ್ ಸಾಹೇಬರು ನೀರು ಕಟ್ಟಲು ಓಡಿದರು. ಟಿ.ವಿ.ಯ ಬೆನ್ನಿಂದ ಹೊಗೆ ಬರುತ್ತಿತ್ತು. ಸುಮಿತ್ರಾ ಬೈಯಲಿಲ್ಲ, ಕರಿ ಪರದೆಯನ್ನೇ ನೋಡುತ್ತ ನಿಂತಿದ್ದಳು. ಬೈದಿದ್ದರೆ ವಾಸಿಯಿತ್ತು.

ಸಾಹೇಬರು ಬಂದು ಟಿ.ವಿ. ಬಿಚ್ಚಿ ನೋಡಿ, “ಪಾರ್ಟು ಚಿಕ್ಕಮಗಳೂರಿಂದ ಬರ್ಬೇಕು. ಇವತ್ತು ಆಗೂದಿಲ್ಲ ಅಕ್ಕಾ” ಎಂದರು. ನಾನು ತಲೆ ತಗ್ಗಿಸಿ ನನ್ನ ಲೆಕ್ಕ ಒಪ್ಪಿಸಿದೆ.

“ಬಲ್ಬ್ ತಣ್ಣಗಿದ್ದಾಗ ಅಳ್ದಿರಾ ಸಾರ್?”

“ಹೌದು.”

“ಉರಿಯೂವಾಗ ಅಳೀಬೇಕು. ತಂತಿ ಕಾದ ಮೇಲೆ ರೋಧ ಎಲ್ಲಿಗೋ ಏರ್ತದೆ.” ಮತ್ತೆ ನೀರು ಬಿಟ್ಟು, ಐದೂ ಬಲ್ಬು ಹಾಕಿ, ಒಂದರ ಕರೆಂಟು ಅಳೆದು ತೋರಿಸಿದರು. ಅರ್ಧ ಆಂಪಿಯರೂ ಇರಲಿಲ್ಲ. ಭಾಗಿಸಿದೆ, ಐನೂರು ಓಮಿಗೂ ಮೇಲೆ. ಗುಣಿಸಿದೆ, ಸುಮಾರು ನೂರು ವಾಟು. “ಹದಿಮೂರು ಪಟ್ಟು ಜಾಸ್ತಿ ಹಿಡಿದಿದ್ರಿ ಅಷ್ಟೇ, ಬಿಡಿ” ಎಂದು ಅವರು ಸಮಾಧಾನ ಹೇಳಿದ್ದು ನಡುಮನೆಗೆಲ್ಲ ಕೇಳಿಸಿತು.

ಸುಮಿತ್ರಾ ಅಟ್ಟದಿಂದ ಹಳೆಯ ರೇಡಿಯೋ ಇಳಿಸಿ ತಂದಳು. ಎಲ್ಲರೂ ಅದನ್ನು ಸುತ್ತುವರಿದು ಕೂತರು. ನಾನು ಬಾಗಿಲ ಬಳಿ ನಿಂತೇ ಇದ್ದೆ. ಕೊನೆಯ ಓವರಿನಲ್ಲಿ ಗೆದ್ದೆವು. ಕೂಗಾಟ, ಕುಣಿತ. ಆಮೇಲೆ ಸುಮಿತ್ರಾ ಎಲ್ಲರಿಗೂ ಕಾಫಿ ತಂದಳು. ತಟ್ಟೆ ನನ್ನ ಮುಂದೆ ಬಂದು ಹಾಗೆಯೇ ಮುಂದೆ ಹೋಯಿತು.

“ನನಗೆ?” ಎಂದೆ.

“ಬೆಳಿಗ್ಗೆ ಒಂದು ಲೋಟ ಕುಡಿದಿದ್ದೀರಲ್ಲ” ಎಂದಳು, “ನಿಮ್ಮ ಲೆಕ್ಕದಲ್ಲಿ ಅದು ಹದಿಮೂರು.”